ಅಡ್ಡ ನಿಲ್ಲೋದೂ ಆಟವೇ!

ದ್ರಾವಿಡ್ ಬಾಲ್ ತಡೆದರೆ ಚಪ್ಪಾಳೆ, ರೋಬೋ ತಡೆದರೆ ಮಾತ್ರ ಮೋಸ ಅಂತೀವಿ. ಕಾಲೇಜಿನಲ್ಲಿ ನಮ್ಮ ರೋಬೋಗೆ ಅಡ್ಡ ನಿಂತವರ ಮೇಲೆ ನಾನೂ ಕೂಗಾಡಿದ್ದೆ :(

ಅಮೆರಿಕದ 'ಫಸ್ಟ್' ಹೈಸ್ಕೂಲ್ ಸ್ಪರ್ಧೆಯ 2014ರ ಆಟವನ್ನೇ ನೋಡಿ. ಮೊದಲ 10 ಸೆಕೆಂಡು ರೋಬೋ ತಾನಾಗೇ ಆಡಬೇಕು. ಆಗ ಮೇಲಿನ ಗೋಲಿಗೆ ಬಾಲ್ ಹಾಕಿದರೆ 15 ಅಂಕ, ದೀಪ ಹೊತ್ತಿದ ಗೋಲಾದರೆ 20. ಎದುರಾಳಿ ಅಲ್ಲೇ ಒಂದು ಕೋಲೆತ್ತಿ ನಿಂತರೆ? ಅಂಕವೂ ಹೋಯ್ತು, ತಪ್ಪಿದ ಬಾಲನ್ನು ಗೋಲಿಗೆ ಹಾಕೋವರೆಗೂ ಹೊಸ ಬಾಲೂ ಇಲ್ಲ! ಇದಕ್ಕೆ ನಿಯಮದಲ್ಲೇ ಅವಕಾಶವಿತ್ತು.

ಎಸೆಯಲು ಬಾರದ ತಂಡ ಸುಮ್ಮನೆ ಒದ್ದಾಡೋದಕ್ಕಿಂತ ಹೋಗಿ ಅಡ್ಡ ನಿಲ್ಲಲಿ. ನಾಲ್ಕು ಸಾಲಿನ ಕೋಡ್ ಸಾಕು. ಎದುರಿಗೆ ಯಾರೂ ಇರಲ್ಲ ಅಂದ್ಕೊಂಡು ಕೋಡ್ ಬರೆದಿದ್ದು ನಮ್ಮದೇ ತಪ್ಪು. ಆಫೀಸಿನಲ್ಲಿ ಅದನ್ನ ಬಗ್ ಅಂತಾರೆ, ಮೋಸ ಅನ್ನಲ್ಲ.

ನೀವೇನಂತೀರಿ?