ನೆಗಡಿಯಲ್ಲ, ಕಳೆಯ ಕಾಟ

ಹಿಂದೂಪುರ, ಕಲ್ಯಾಣದುರ್ಗದ ಹೊಲದ ಬದುಗಳಲ್ಲಿ ಮಳೆ ಬಿದ್ದು ತಿಂಗಳಾದರೆ ಸಾಕು, ತೆಲುಗರು ವಯ್ಯಾರಿಭಾಮ ಎನ್ನುವ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಆಗ ಬಿಡದೆ ಕಾಡುವ ಸೀನು, ಮೂಗಿನ ಸೋರಿಕೆ, ಕಣ್ಣುತುರಿಕೆಯನ್ನು ನಾವು ನೆಗಡಿಯೆಂದು ತಳ್ಳಿಹಾಕುತ್ತೇವೆ. ಈ ಗಿಡದ ಪರಾಗವೇ ಮೂಗಿನ ಒಳಪೊರೆಯನ್ನು ಕೆರಳಿಸಿ ಅಲರ್ಜಿ ತರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದರು.

ಮೂಗು ಕಟ್ಟಿತೆಂದು ಅಂಗಡಿಯ ಡ್ರಾಪ್ಸನ್ನು 5 ದಿನ ಮೀರಿ ಹಾಕುತ್ತಲೇ ಹೋದರೆ ಒಳಪೊರೆ ಮತ್ತಷ್ಟು ಊದಿಕೊಳ್ಳುತ್ತದೆ. ವೈದ್ಯರು ಕೊಡುವ ಸ್ಟೀರಾಯ್ಡ್ ಸ್ಪ್ರೇ ಬೇರೆ. ಅದನ್ನು ಅವರು ಹೇಳಿದಷ್ಟು ದಿನ ತಪ್ಪದೆ ಬಳಸಬೇಕು.

ಔಷಧಿಯೊಂದೇ ಸಾಲದು, ಗಾಳಿಗೆ ಬದುವಿನ ಹಂಗಿಲ್ಲ. ಹೂ ಬಿಡುವ ಮುನ್ನ, ನೆಲ ಹಸಿಯಿರುವಾಗ, ಊರೆಲ್ಲ ಸೇರಿ ಬೇರುಸಹಿತ ಕೀಳೋಣ. ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಕೈಗವಸು, ಮೂಗಿಗೆ ಬಟ್ಟೆ ಕೊಡದೆ ಈ ಕಳೆ ಕೀಳಿಸುವುದು ನ್ಯಾಯವಲ್ಲ.