ಎಣಿಕೆಗೆ ಬಾರದ 408

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ (ನಮ್ಮ ಕಾಲ್ಚೆಂಡಲ್ಲ, ಅಂಡಾಕಾರದ ಚೆಂಡನ್ನು ಅಪ್ಪಿ ಹಿಡಿದು ನುಗ್ಗುವ ಆಟ) ಸರ್ವಶ್ರೇಷ್ಠ ಕೋಚ್ ಯಾರೆಂಬ ಜಗಳ ಎದ್ದಾಗಲೆಲ್ಲ ಮೊದಲು ಬರುವುದು ಅಲಬಾಮಾದ ಇಬ್ಬರು: ಆರು ರಾಷ್ಟ್ರೀಯ ಪ್ರಶಸ್ತಿಯ ಬೇರ್ ಬ್ರಯಂಟ್, ಏಳರ ನಿಕ್ ಸೇಬನ್. ಈ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ.

ಬ್ರಯಂಟರ 1961, 1964, 1965ರ ಪ್ರಶಸ್ತಿ ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ. 1964ರದ್ದಂತೂ ಪತ್ರಕರ್ತರು, ಕೋಚ್‌ಗಳು ಮತ ಹಾಕಿ ಕೊಟ್ಟದ್ದು. ಮತ ಎಣಿಸಿದ ಮೇಲೆ ನಡೆದ ಕೊನೆಯ ಪಂದ್ಯದಲ್ಲಿ ಅಲಬಾಮಾ ಟೆಕ್ಸಾಸ್‌ಗೆ ಸೋತಿತು. ಪ್ರಶಸ್ತಿ ಮಾತ್ರ ಕದಲಲಿಲ್ಲ!

ಅದೇ ದಕ್ಷಿಣದ ಲೂಯಿಸಿಯಾನಾದಲ್ಲಿ, ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ಜನರ ಕಾಲೇಜಿನಲ್ಲಿ, ಎಡ್ಡಿ ರಾಬಿನ್ಸನ್ 1941ರಲ್ಲಿ ಕೋಚ್ ಆದವರು 1997ರವರೆಗೂ ಇದ್ದರು. ಅಲ್ಲಿನ ಬಿಳಿಯರ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿದ್ದ ಹುಡುಗರನ್ನು ಆಡಿಸಿ 408 ಪಂದ್ಯ ಗೆದ್ದರು. 200ಕ್ಕೂ ಹೆಚ್ಚು ಮಂದಿಯನ್ನು ವೃತ್ತಿಪರ ಆಟಕ್ಕೆ ಕಳಿಸಿದರು. ಬ್ರಯಂಟರ ಗೆಲುವು 323.

‘ಎದುರಾಳಿಗಳು ಸಣ್ಣವರು’ ಅನ್ನುತ್ತಾರೆ. ದೊಡ್ಡವರು ಎದುರು ನಿಲ್ಲಲು ಒಪ್ಪಿದ್ದರೆ ತಾನೆ? 1988ರಲ್ಲಿ ತಂಡ ಮುನ್ನಡೆಸಿ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಯಾರ ಶಿಷ್ಯ ಅಂದುಕೊಂಡಿರಿ?