ದಾರಿ ತೋರುವ ಯಂತ್ರವೂ ಘಟ್ಟದ ಹಾದಿಯೂ

ಚೆನ್ನೈಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಜನರು ಊರಿಗೆ ಹೋಗಿಬರುವ ರೀತಿ ಕೆಲವು ವರ್ಷಗಳಿಂದ ಬದಲಾಗುತ್ತಿದೆ. ಮಂಗಳೂರು ಮೆಯಿಲಿನಲ್ಲಿ ಸ್ಥಳ ದೊರೆಯದಿದ್ದರೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿಯ ಬಸ್ಸು ಹಿಡಿಯುವುದೇ ಹಿಂದಿನ ಪದ್ಧತಿಯಾಗಿತ್ತು. ಈಗ ನಾಲ್ಕಾರು ಕುಟುಂಬಗಳು ಹಣ ಕೂಡಿಸಿ ವಾಹನವೊಂದನ್ನೇ ಬಾಡಿಗೆಗೆ ಹಿಡಿಯುವುದುಂಟು. ವೃದ್ಧರೋ ರೋಗಿಗಳೋ ಜೊತೆಯಲ್ಲಿದ್ದರೆ, ಮಲಗಲು ಹಾಸಿಗೆ, ಕಾಸಲು ಒಲೆ, ಶೌಚಕ್ಕೆ ಮರೆ ಇವೆಲ್ಲವನ್ನೂ ಒಳಗೊಂಡ ಕ್ಯಾರವಾನ್ ಎಂಬ ಮನೆಯಂಥ ಗಾಡಿಯನ್ನೇ ಅರಸುವವರೂ ಕಾಣಬರುತ್ತಿದ್ದಾರೆ. ಕೋಡಂಬಾಕ್ಕಂ, ವಡಪಳನಿಗಳ ಚಿತ್ರಶಾಲೆಗಳ ಮುಂದೆ ತಾರೆಯರ ವಿಶ್ರಾಂತಿಗಾಗಿ ನಿಲ್ಲುವ ಗಾಡಿಗಳನ್ನು ದೂರದಿಂದ ನೋಡಿ ತೃಪ್ತಿಪಟ್ಟ ನಮ್ಮವರಿಗೆ ಅದರೊಳಗೆ ಕಾಲಿಡುವ ಅವಕಾಶ ಬಂದಿರುವುದು ಸಂತೋಷದ ಸಂಗತಿಯೇ ಸರಿ.

ವಾಹನದೊಳಗೆ ಕುಳಿತೇ ಉಣ್ಣುವುದು ಈ ಪಟ್ಟಣದ ಕನ್ನಡಿಗರಿಗೆ ಹೊಸದಲ್ಲ. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚುವವರೆಗೂ ಅಲ್ಲಿ ಕಾರುಗಳ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ನೀಡಿದವರಲ್ಲಿ ನಮ್ಮವರು ಎಷ್ಟು ಮಂದಿ! ಉಂಡವರು ಬೇರೆಯವರು, ತಟ್ಟೆ ಹೊತ್ತವರು ನಾವು. ಆ ಸ್ಥಳದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಆದರೆ ಇಂದಿನ ನಮ್ಮ ವಿಷಯ ಅದಲ್ಲ.

ಇಂಥ ಗಾಡಿಯಲ್ಲಿ ಊರಿಗೆ ಹೊರಡುವಾಗ ದಾರಿ ತೋರುವ ಯಂತ್ರ ಯಾವುದನ್ನು ಇಟ್ಟುಕೊಳ್ಳಬೇಕು, ಫೋನೊಂದೇ ಸಾಕೇ, ಅಥವಾ ಹಣ ಕೊಟ್ಟು ಬೇರೆ ಯಂತ್ರವನ್ನೇ ಕೊಳ್ಳಬೇಕೇ ಎಂದು ನಮ್ಮನ್ನು ಅನೇಕರು ಕೇಳುತ್ತಿದ್ದಾರೆ. ಪರದೆಯ ಅಗಲ, ಬಣ್ಣ, ಬೆಲೆ ಇವುಗಳ ವಿಚಾರವನ್ನು ಅಂಗಡಿಯವನೇ ಹೇಳಿಯಾನು. ಅವನು ಹೇಳದೆ ಬಿಡುವ ಒಂದು ಸಂಗತಿಯನ್ನು ನಾವು ಪಟ್ಟ ಪಾಡಿನಿಂದಲೇ ಕಲಿತಿರುವುದರಿಂದ ಅದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ಕೆಲವು ಮಳೆಗಾಲಗಳ ಹಿಂದೆ ನಮ್ಮ ಬಳಗದ ಹಿರಿಯ ಅಡಿಗೆ ಭಟ್ಟರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಯುಷ್ಯದ ಬಹುಭಾಗವನ್ನು ಈ ಊರಿನ ಒಲೆಗಳ ಮುಂದೆ ನಿಂತು ಕಳೆದವರು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಬೆಳ್ತಂಗಡಿ ಸೀಮೆಯ ತಮ್ಮ ಮನೆಗೆ ಹೋಗಬೇಕೆಂದು ಹಟ ಹಿಡಿದರು. ಕುಳಿತು ಪ್ರಯಾಣ ಮಾಡುವ ಸ್ಥಿತಿ ಅವರದಾಗಿರಲಿಲ್ಲ. ಎಲ್ಲರೂ ಕೈಲಾದಷ್ಟು ಕೂಡಿಸಿ ಕ್ಯಾರವಾನೊಂದನ್ನು ಗೊತ್ತುಮಾಡಿದೆವು. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಗಾಡಿ ಅದು. ಚಾಲಕ ತಿರುವಳ್ಳೂರಿನ ಕಡೆಯ ಸಭ್ಯ ಯುವಕ, ಘಟ್ಟವನ್ನು ಕಂಡವನಲ್ಲ. ವೇಲೂರು, ಕೃಷ್ಣಗಿರಿ, ಬೆಂಗಳೂರು ದಾಟಿ ಹಾಸನ ಸೇರುವವರೆಗೆ ಫೋನಿನ ನಕ್ಷೆ ನಮ್ಮನ್ನು ಕೈಹಿಡಿದು ನಡೆಸಿತೆಂದೇ ಹೇಳಬೇಕು. ಹಾಸನದಿಂದ ಮುಂದೆ ಅದು ಬೇಲೂರು, ಮೂಡಿಗೆರೆಗಳ ಮೇಲಾಗಿ ಚಾರ್ಮಾಡಿ ಘಟ್ಟ ಇಳಿಯುವ ದಾರಿಯನ್ನು ತೋರಿಸಿತು. ಉಜಿರೆಯ ಕಡೆಗೆ ಅದೇ ಹತ್ತಿರವೆಂಬುದು ನಮಗೂ ಗೊತ್ತಿತ್ತು, ನಾವು ಒಪ್ಪಿದೆವು.

ಕೊಟ್ಟಿಗೆಹಾರದ ತನಿಖಾಠಾಣೆಯಲ್ಲಿ ಪೊಲೀಸರು ಗಾಡಿಯನ್ನು ನಿಲ್ಲಿಸಿದರು. 2019ರ ಮಳೆಗಾಲದಲ್ಲಿ ಚಾರ್ಮಾಡಿಯ ರಸ್ತೆ ಅನೇಕ ಕಡೆ ಕುಸಿದ ನಂತರ ಭಾರೀ ವಾಹನಗಳಿಗೆ ಅಲ್ಲಿ ನಿರ್ಬಂಧ ಹಾಕಿದ್ದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಗಾಡಿಯನ್ನು ತಿರುಗಿಸಿ ಮೂಡಿಗೆರೆಗೆ ಮರಳಿ, ಸಕಲೇಶಪುರಕ್ಕೆ ಬಂದು, ರಾತ್ರಿಯ ಮಳೆಯಲ್ಲಿ ಶಿರಾಡಿ ಇಳಿದು, ಊರು ಮುಟ್ಟುವಾಗ ಬೆಳಕು ಹರಿಯುತ್ತಿತ್ತು. ಒಂದೊಂದು ತಿರುವಿನಲ್ಲಿಯೂ ಭಟ್ಟರು ಹಲ್ಲು ಕಚ್ಚುತ್ತಿದ್ದುದನ್ನು ನಾವು ಮರೆಯಲಾರೆವು. ಅವರು ಆಡಿದ್ದು ಒಂದೇ ಮಾತು: “ದಾರಿ ಗೊತ್ತಿದ್ದವರನ್ನು ಒಮ್ಮೆ ಕೇಳಬಹುದಿತ್ತು ಮಾರಾಯ್ರೆ.”

ಯಂತ್ರ ನಮಗೆ ಸುಳ್ಳು ಹೇಳಿತೇ? ಇಲ್ಲ. ಕಾರಿಗೆ ಯೋಗ್ಯವಾದ ದಾರಿಯನ್ನು ಅದು ಸರಿಯಾಗಿಯೇ ಹೇಳಿತ್ತು. ನಾವು ಕುಳಿತಿದ್ದುದು ಕಾರಿನಲ್ಲಲ್ಲ ಎಂಬುದು ಅದಕ್ಕೆ ತಿಳಿದಿರಲಿಲ್ಲ, ಅಷ್ಟೆ. ತಿಳಿಸುವ ಮಾರ್ಗವೂ ಅದರಲ್ಲಿರಲಿಲ್ಲ. ಯಂತ್ರವನ್ನು ಆರಿಸುವವರು ಮೊದಲು ಗಮನಿಸಬೇಕಾದುದು ಇದನ್ನೇ. ನಾವೆಲ್ಲಿದ್ದೇವೆ ಎಂಬುದನ್ನು ಇಂದಿನ ಯಾವ ಯಂತ್ರವಾದರೂ ಹೇಳಬಲ್ಲದು. ನಾವು ಎಂಥ ಗಾಡಿಯಲ್ಲಿದ್ದೇವೆ ಎಂದು ಕೇಳಿ ತಿಳಿದುಕೊಳ್ಳುವ ಯಂತ್ರಗಳು ಕೆಲವೇ.

ಉಪಗ್ರಹಗಳ ಕಾರ್ಯವೇನೆಂಬುದನ್ನು ಅರಿತರೆ ಈ ಭೇದ ಸ್ಪಷ್ಟವಾಗುತ್ತದೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಮ್ಮ ಪರಮಾಣು ಗಡಿಯಾರದ ವೇಳೆಯನ್ನು ಸದಾ ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಅವು ಬಂದು ಮುಟ್ಟಲು ಹಿಡಿದ ಕಾಲವನ್ನು ಗಣಿಸಿ ನಮ್ಮ ಕೈಯ ಯಂತ್ರ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಉಪಗ್ರಹದ ಕೆಲಸ ಅಲ್ಲಿಗೆ ಮುಗಿಯಿತು. ರಸ್ತೆ, ಸೇತುವೆ, ಘಟ್ಟದ ಗೇಟು ಇವುಗಳಲ್ಲಿ ಯಾವುದನ್ನೂ ಅದು ಅರಿಯದು. ಅವೆಲ್ಲ ನಕ್ಷೆಯ ವಿಷಯ, ಮತ್ತು ನಕ್ಷೆ ಮನುಷ್ಯರು ಮಾಡಿದ್ದು.

ಇನ್ನೊಂದು ತಪ್ಪು ತಿಳಿವಳಿಕೆಯೂ ನಮ್ಮವರಲ್ಲಿ ಬೇರೂರಿದೆ. ಶಿರಾಡಿಯ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಆದಕಾರಣ ಅಲ್ಲಿ ಫೋನಿನ ಯಂತ್ರ ನಡೆಯದು ಎನ್ನುತ್ತಾರೆ. ಉಪಗ್ರಹದ ಸಂಕೇತಕ್ಕೂ ಫೋನು ಕಂಪೆನಿಯ ಗೋಪುರಕ್ಕೂ ಸಂಬಂಧವಿಲ್ಲ. ಆಕಾಶ ತಕ್ಕಮಟ್ಟಿಗೆ ಕಾಣುತ್ತಿದ್ದರೆ ಸ್ಥಾನ ತಿಳಿಯುತ್ತದೆ. ತಪ್ಪಿಹೋಗುವುದು ನಕ್ಷೆ, ಏಕೆಂದರೆ ಅದು ಆಗಿಂದಾಗ್ಗೆ ಗೋಪುರದ ಮೂಲಕವೇ ಇಳಿದುಬರುತ್ತಿರುತ್ತದೆ. ಹೊರಡುವ ಮುನ್ನ ಮನೆಯಲ್ಲಿಯೇ ಚೆನ್ನೈಯಿಂದ ಕರಾವಳಿಯವರೆಗಿನ ನಕ್ಷೆಯನ್ನು ಫೋನಿನೊಳಗೆ ಇಳಿಸಿ ಇಟ್ಟುಕೊಂಡರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ರಸ್ತೆಯ ದಟ್ಟಣೆಯೂ ಹೊಸದಾಗಿ ಮುಚ್ಚಿದ ದಾರಿಯೂ ಮಾತ್ರ ಆಗ ತಿಳಿಯುವುದಿಲ್ಲ.

ನಮ್ಮ ದೇಶದ ನಾವಿಕ್ ವ್ಯವಸ್ಥೆಯುಳ್ಳ ಫೋನನ್ನೇ ಕೊಳ್ಳಬೇಕೆಂದು ಅಭಿಮಾನದಿಂದ ಹೇಳುವವರಿದ್ದಾರೆ. ಅಭಿಮಾನ ನಮಗೂ ಉಂಟು. ಅದರ ಮೊದಲನೆಯ ಉಪಗ್ರಹ 2013ರ ಜುಲೈ 1ರಂದು ಏರಿದ್ದು ಚೆನ್ನೈಗೆ ಸಮೀಪದ ಶ್ರೀಹರಿಕೋಟೆಯಿಂದ. ಆ ವ್ಯವಸ್ಥೆಯ ಕೇಂದ್ರವಿರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಆದರೆ ಮೊದಲ ಸಾಲಿನ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟುಹೋದವು. 2025ರ ಜನವರಿಯಲ್ಲಿ ಏರಿದ ಎನ್.ವಿ.ಎಸ್.-02 ಉದ್ದೇಶಿಸಿದ ಕಕ್ಷೆಯನ್ನು ಸೇರಲಿಲ್ಲ. ಈಗಿನ ಫೋನುಗಳು ಅನೇಕ ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಬಳಸುವುದರಿಂದ, ಹೆಸರೊಂದಕ್ಕಾಗಿ ಹೆಚ್ಚು ಹಣ ತೆರುವ ಅವಶ್ಯಕತೆ ಸಾಮಾನ್ಯ ಪ್ರಯಾಣಿಕನಿಗೆ ಇಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಗಾಡಿಯ ಗಾತ್ರವನ್ನು ತಿಳಿದುಕೊಳ್ಳುವ ಯಂತ್ರವೇ ಇಲ್ಲವೇ ಎಂದರೆ, ಉಂಟು. ಮನೆಗಾಡಿಗಳ ಬಳಕೆ ಬಹಳವಾಗಿರುವ ಯುರೋಪಿನಲ್ಲಿ ಗಾರ್ಮಿನ್, ಟಾಮ್‌ಟಾಮ್ ಕಂಪೆನಿಗಳು ಕ್ಯಾಂಪರ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಯಂತ್ರಗಳನ್ನು ಮಾಡಿವೆ. ಗಾಡಿಯ ಉದ್ದ, ಅಗಲ, ಎತ್ತರ, ತೂಕಗಳನ್ನು ಒಮ್ಮೆ ತಿಳಿಸಿದರೆ, ತಗ್ಗಾದ ಸೇತುವೆಯನ್ನೂ ತೂಕ ತಾಳದ ರಸ್ತೆಯನ್ನೂ ಅವು ಬಿಟ್ಟು ದಾರಿ ಹೇಳುತ್ತವೆ. ವಿದೇಶದಲ್ಲಿರುವ ಅಳಿಯನಿಂದಲೋ ತಮ್ಮನಿಂದಲೋ ಇಂಥದೊಂದನ್ನು ತರಿಸಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟಬಹುದು. ನಾವು ಅದನ್ನು ಅನುಮೋದಿಸುವುದಿಲ್ಲ. ಅಲ್ಲಿ ಮಾರುವ ಯಂತ್ರದಲ್ಲಿ ಅಲ್ಲಿಯ ನಕ್ಷೆ ಇರುತ್ತದೆ. ಭಾರತದ ನಕ್ಷೆಯನ್ನು ಹೇಗೋ ತುಂಬಿಸಿದರೂ, ಎತ್ತರವನ್ನು ನೀವು ಯಂತ್ರಕ್ಕೆ ಹೇಳಿದಿರೆಂದು ಸೇತುವೆಯ ಎತ್ತರ ಅದರ ನಕ್ಷೆಯಲ್ಲಿ ಬಂದು ಕೂರುವುದಿಲ್ಲವಷ್ಟೆ. ಚೆನ್ನೈಯ ರೈಲು ಹಳಿಗಳ ಕೆಳಗಿನ ಸಬ್‌ವೇಗಳನ್ನೇ ನೋಡಿರಿ. ತಲೆಯ ಮೇಲೆ ಹವಾನಿಯಂತ್ರಣ ಯಂತ್ರ ಹೊತ್ತ ಕ್ಯಾರವಾನಿಗೆ ಎತ್ತರದ ಚಿಂತೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಂಥ ಮಳೆ ಬಂದರೆ ನೀರು ತುಂಬಿ ಅವೆಷ್ಟೋ ಮುಚ್ಚಿಯೇ ಹೋಗುತ್ತವೆ. ಅಂದಿನ ಸುದ್ದಿ ಅಂದೇ ಬೇಕು.

ನಮ್ಮ ಮಾರ್ಗಗಳಲ್ಲಿ ಎಷ್ಟೋ ಸಲ ತಡೆ ಇರುವುದು ರಸ್ತೆಯಲ್ಲಲ್ಲ, ಗಡಿಯಾರದಲ್ಲಿ ಅಥವಾ ಪಂಚಾಂಗದಲ್ಲಿ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧದ ಕಟ್ಟಳೆ ಬಂದಿದೆ. ಚಾಮರಾಜನಗರದ ಕಡೆಯವರು ಸತ್ಯಮಂಗಲದ ಮೇಲಾಗಿ ಹೋಗುವುದಾದರೆ, ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ಮದ್ರಾಸು ಉಚ್ಚ ನ್ಯಾಯಾಲಯದ 2022ರ ಆದೇಶದಂತೆ ನಿರ್ಬಂಧ ಬಂದಿದೆ. ಆಗುಂಬೆಯಲ್ಲಿ ಮಳೆಗಾಲ ಬಂತೆಂದರೆ ಭಾರೀ ವಾಹನಗಳನ್ನು ತಡೆಯುವ ಆದೇಶ ಹೊರಡುತ್ತದೆ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಶಿರಾಡಿಯೇ ಮುಚ್ಚಿತ್ತು. ಅದೇ ತಿಂಗಳು 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಿದ್ದು ಜೀವಹಾನಿಯಾಯಿತು. ಯಾವ ಪೆಟ್ಟಿಗೆಯೊಳಗಿನ ನಕ್ಷೆ ಇದನ್ನು ಹಿಂದಿನ ದಿನ ಹೇಳಬಲ್ಲದು?

ಈ ವಿಷಯದಲ್ಲಿ ಉದಾಸೀನದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಿದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಹತ್ತಿರ, ಪ್ರವಾಹದಲ್ಲಿ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಯಂತ್ರವನ್ನು ನಂಬಿ ಬಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ನಗಬಹುದಾದ ಪ್ರಸಂಗವೂ ಒಂದುಂಟು: ಅದೇ ವರ್ಷದ ಜನವರಿಯಲ್ಲಿ ಗೂಡಲೂರಿನಿಂದ ಕರ್ನಾಟಕಕ್ಕೆ ಹಿಂದಿರುಗುತ್ತಿದ್ದ ಪ್ರವಾಸಿಗಳ ಕಾರು, ಹತ್ತಿರದ ದಾರಿಯೆಂದು ಯಂತ್ರ ತೋರಿಸಿದಲ್ಲಿ ಹೋಗಿ ಮೆಟ್ಟಿಲುಗಳ ಮೇಲೆ ಸಿಕ್ಕಿಕೊಂಡಿತು. ಕಾರನ್ನಾದರೆ ನಾಲ್ಕು ಜನ ಹಿಡಿದು ಹೊರಳಿಸಬಹುದು. ಕ್ಯಾರವಾನನ್ನು?

ನಮ್ಮ ಸಲಹೆ ಹೀಗಿದೆ. ಬೇರೆ ಯಂತ್ರವನ್ನು ಕೊಳ್ಳುವ ವೆಚ್ಚ ಬೇಡ. ಮನೆಯಲ್ಲಿ ಬಳಸದೆ ಇರುವ ಒಳ್ಳೆಯ ಹಳೆಯ ಫೋನೊಂದನ್ನು ದಾರಿಗಾಗಿಯೇ ಮೀಸಲಿಡಿರಿ. ಕರೆ ಬಂದು ನಕ್ಷೆ ಮರೆಯಾಗುವ ಕಾಟ ಇದರಿಂದ ತಪ್ಪುತ್ತದೆ. ಅದರಲ್ಲಿ ಎರಡು ನಕ್ಷೆಗಳಿರಲಿ. ಒಂದು, ದಟ್ಟಣೆಯ ಸುದ್ದಿ ಹೇಳುವ ಗೂಗಲ್ಲಿನದೋ ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ನಕ್ಷೆಯೋ. ಇನ್ನೊಂದು ಆಸ್ಮ್‌ಆಂಡ್ ಎಂಬುದು. ಗಾಡಿಯ ಎತ್ತರ ತೂಕಗಳನ್ನು ಅದಕ್ಕೆ ತಿಳಿಸಬಹುದು, ಸಿಗ್ನಲ್ ಇಲ್ಲದೆಯೂ ಅದು ನಡೆಯುತ್ತದೆ. ಎತ್ತರದ ಲೆಕ್ಕಗಳು ನಮ್ಮ ರಸ್ತೆಗಳಿಗೆ ಅದರಲ್ಲಿಯೂ ವಿರಳವೇ ಎಂಬುದನ್ನು ಮರೆಯಬಾರದು. ಎರಡೂ ಒಂದೇ ದಾರಿ ಹೇಳಿದರೆ ಸರಿ. ಭೇದವಿದ್ದಲ್ಲಿ ಗಾಡಿ ನಿಲ್ಲಿಸಿ ಯೋಚಿಸಿರಿ. ವೇಲೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಗಾಜಿಗೆ ಅಂಟಿಸಿದ ಫೋನು ಕಾದು ತಾನೇ ಆರಿಹೋಗುವುದನ್ನು ನಾವು ಕಂಡಿದ್ದೇವೆ. ಗಾಳಿ ಬರುವ ಕಂಡಿಯ ಮುಂದೆ, ಚಾಲಕನ ನೋಟಕ್ಕೆ ಅಡ್ಡಬಾರದಂತೆ ಅದನ್ನು ನಿಲ್ಲಿಸಬೇಕು. ದಾರಿ ನೋಡುವುದಕ್ಕಾಗಿ ಮಾತ್ರ, ಗಮನ ಕೆಡದಂತೆ ಫೋನನ್ನು ಬಳಸಲು 2020ರ ಅಕ್ಟೋಬರಿನಿಂದ ನಿಯಮ ಅವಕಾಶ ಕೊಟ್ಟಿದೆ.

ಯಂತ್ರ ಕನ್ನಡದಲ್ಲಿ ಮಾತನಾಡಬಲ್ಲದೆಂದು ಸಂತೋಷಪಟ್ಟು ಕನ್ನಡವನ್ನೇ ಇಡುವವರಿದ್ದಾರೆ. ಚಾಲಕ ತಮಿಳನಾಗಿದ್ದರೆ ಅದು ತಮಿಳಿನಲ್ಲಿಯೇ ಹೇಳಲಿ. ಭಾಷಾಭಿಮಾನವನ್ನು ತೋರಲು ಬೇರೆ ಸ್ಥಳಗಳುಂಟು. ಶಿರಾಡಿಯ ತಿರುವು ಅಂಥ ಸ್ಥಳವಲ್ಲ. ಘಟ್ಟದ ಕೆಳಗೂ ಮೇಲೂ ಕನ್ನಡ ಬಲ್ಲವರೊಬ್ಬರು ಚಾಲಕನ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿದ್ದು, ಪೊಲೀಸು ಠಾಣೆಯಲ್ಲಿಯೋ ಚಹದ ಅಂಗಡಿಯಲ್ಲಿಯೋ ವಿಚಾರಿಸಿದರೆ ಅದೇ ನಮ್ಮ ಭಾಷೆಯ ನಿಜವಾದ ಉಪಯೋಗ. ಕೊಟ್ಟಿಗೆಹಾರಕ್ಕೆ ಹೋಗುವ ಮುಂಚೆ ಮೂಡಿಗೆರೆಯಲ್ಲಿ ಒಂದು ಲೋಟ ಕಾಫಿ ಕುಡಿದಿದ್ದರೂ ನಮಗೆ ಈ ಸುದ್ದಿ ತಿಳಿಯುತ್ತಿತ್ತು.

ಇದಲ್ಲದೆ ಇನ್ನೊಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ. ವಾರಕ್ಕೆ ಎಷ್ಟೋ ಜನ ನಮ್ಮವರು ಊರಿನಿಂದ ಬರುತ್ತಾರೆ, ಹೋಗುತ್ತಾರೆ. ಎಲ್ಲಿ ರಸ್ತೆ ಅಗೆದಿದ್ದಾರೆ, ಯಾವ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ದೊಡ್ಡ ಗಾಡಿ ರಾತ್ರಿ ನಿಲ್ಲಿಸಲು ಯೋಗ್ಯವಾದ ಬಂಕು ಯಾವುದು, ಇವೆಲ್ಲ ಅವರ ತಲೆಯಲ್ಲಿರುತ್ತವೆ. ಎರಡು ದಿನ ಮಾತಿನಲ್ಲಿ ಓಡಾಡಿ ಮರೆತುಹೋಗುತ್ತವೆ. ಪರ್ಯಾಯಕ್ಕೆ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿಗೆ ಹೊರಡುವ ಗುಂಪುಗಳಂತೂ ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿಯೇ ಕೇಳಿಕೊಳ್ಳುತ್ತವೆ. ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ದಾರಕಟ್ಟಿ ತೂಗುಹಾಕಿ, ಬಂದವರು ದಿನಾಂಕ ಹಾಕಿ ನಾಲ್ಕು ಸಾಲು ಬರೆಯುವಂತೆ ಮಾಡಿದರೆ ಹೇಗೆ? ಗುಮಾಸ್ತೆಯವರು ತಿಂಗಳಿಗೊಮ್ಮೆ ಅದನ್ನು ಅಚ್ಚುಕಟ್ಟಾಗಿ ನಕಲು ಮಾಡಬಹುದು. ಇದಕ್ಕೆ ಸ್ಥಳ ಕೊಡಲು ಒಪ್ಪುವ ಹೋಟೆಲಿನವರು ಯಾರಾದರೂ ನಮಗೆ ತಿಳಿಸಿದಲ್ಲಿ, ಮೊದಲನೆಯ ಪುಟದಲ್ಲಿ ಕೊಟ್ಟಿಗೆಹಾರದ ಸಂಗತಿಯನ್ನು ನಾವೇ ಬಂದು ಬರೆದುಕೊಡುತ್ತೇವೆ.